ಅರಗಿನ ಗಿಳಿ

ಕರಿಮಡ್ಡಿ ಪಂಚಾಯತಿಯ ರೇಡಿಯೋದ ಬೆನ್ನಿಗೆ ಬಾರಿಹಣ್ಣಿನಷ್ಟು ಅರಗು ಅಂಟಿರಬೇಕಿತ್ತು. ಇರಲಿಲ್ಲ. ಪಂಚಾಯತಿ ಸಿಪಾಯಿ ಭರಮಪ್ಪನ ಸಂಕಟವೆಲ್ಲ ಇಷ್ಟೇ. ಇಷ್ಟು ಸಣ್ಣ ವಸ್ತುವಿಗಾಗಿ ಒಬ್ಬ ಮನುಷ್ಯ ಇಡೀ ದಿನ ಹುಚ್ಚನಂತೆ ಓಡಾಡಬೇಕೇ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಸರಕಾರದ ಕೈಯಿಂದ ಇನ್ನೂ ಏನನ್ನೂ ಇಸಿದುಕೊಂಡಿಲ್ಲ ಎಂದೇ ಅರ್ಥ.

ಆ ರೇಡಿಯೋ ಬಂದದ್ದು ನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ. ಹಳ್ಳಿಯ ಜನರಿಗೆ ಹವಾಮಾನ, ಹತ್ತಿ ಧಾರಣೆ ಕೇಳಿಸಿ ಉದ್ಧಾರ ಮಾಡಿಬಿಡುತ್ತೇವೆಂದು ಖಾತೆಯವರು ತಾಲೂಕಿನ ಇಪ್ಪತ್ತೆರಡು ಊರಿಗೆ ಇಪ್ಪತ್ತೆರಡು ಪೆಟ್ಟಿಗೆ ಹಂಚಿದರು. ಜತೆಗೆ ಅಚ್ಚು ಹಾಕಿಸಿದ ನಿಯಮಗಳ ಹಾಳೆ. ಅದರ ಮೂರನೆಯ ನಿಯಮ ಹೀಗಿತ್ತು: ‘ಯಂತ್ರದ ಹಿಂಬದಿಯ ಅರಗಿನ ಮುದ್ರೆಯನ್ನು ಖಾತೆಯ ಮೆಕ್ಯಾನಿಕನ ಹೊರತು ಅನ್ಯರು ಒಡೆಯತಕ್ಕದ್ದಲ್ಲ. ಖಾತೆಯ ಬಿಡಿಭಾಗದ ಹೊರತು ಅನ್ಯ ಬಿಡಿಭಾಗ ಹಾಕತಕ್ಕದ್ದಲ್ಲ. ತಪ್ಪಿದಲ್ಲಿ ಉಸ್ತುವಾರಿ ನೌಕರನನ್ನು ಕೆಲಸದಿಂದ ತೆಗೆಯಲಾಗುವುದು.’ ಉಸ್ತುವಾರಿ ನೌಕರ ಎಂಬಲ್ಲಿ ಸಹಿ ಹಾಕಿದವನು ಭರಮಪ್ಪ. ಚೇರ್ಮನ್ ಮುದಕಪ್ಪ ಪೆನ್ನು ಕೈಗೆ ಕೊಟ್ಟು, “ಹಾಕಲೇ, ನಿನ್ನ ಹೆಸರು ಸರಕಾರದ ಕಾಗದದಾಗ ಬರ್ತೈತಿ” ಅಂದಿದ್ದ. ಬಂತು.

ರೇಡಿಯೋ ಮೂರು ತಿಂಗಳು ಹಾಡಿ ಬಾಯಿ ಮುಚ್ಚಿತು. ಕೆಟ್ಟಿದೆ ಎಂದು ಪಂಚಾಯತಿಯಿಂದ ಹನ್ನೊಂದು ಪತ್ರ ಹೋದವು. ಹನ್ನೊಂದಕ್ಕೂ ಒಂದೇ ಉತ್ತರ: ‘ಮುದ್ರೆ ಸುಸ್ಥಿತಿಯಲ್ಲಿದೆಯೇ ತಿಳಿಸುವುದು.’ ತಿಳಿಸಿದರು. ಮೆಕ್ಯಾನಿಕ ಮಾತ್ರ ಬರಲಿಲ್ಲ. ಇಡೀ ಜಿಲ್ಲೆಗೆ ಇದ್ದವನೇ ಒಬ್ಬ, ಅವನೂ ನಿವೃತ್ತನಾಗಿ ಮಗಳ ಊರು ಸೇರಿದ್ದಾನೆ ಎಂಬ ಸುದ್ದಿ ಆಮೇಲೆ ಬಂತು. ಹೀಗೆ ಒಂದೂವರೆ ವರ್ಷ ಭರಮಪ್ಪ ದಿನಾ ಮುಂಜಾನೆ ಒಂದು ಹೆಣದ ಮೈ ಒರೆಸಿದ.

ಕಡೆಗೆ ಅದನ್ನು ಎಬ್ಬಿಸಿದವನು ಅಕ್ಬರಸಾಬ. ಬಸ್ಸು ನಿಲ್ಲುವಲ್ಲಿ ಒಂದು ತಗಡಿನ ಡಬ್ಬಿ ಅಂಗಡಿ ಇಟ್ಟು ಟಾರ್ಚು, ಗ್ಯಾಸಬತ್ತಿ, ರೇಡಿಯೋ ರಿಪೇರಿ ಮಾಡುವವನು. ಒಂದು ದಿನ ಪಂಚಾಯತಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ಆ ಮೂಕ ಪೆಟ್ಟಿಗೆಯನ್ನು ನೋಡಲಾಗದೆ ಸ್ಕ್ರೂಡ್ರೈವರ್ ತೆಗೆದ, ಅರಗು ಒಡೆದ, ಬೆನ್ನು ಬಿಚ್ಚಿದ. ಸ್ಟೇಷನ್ನಿನ ಮುಳ್ಳು ತಿರುಗಿಸುವ ದಾರ ಹರಿದಿತ್ತು. ಅಲ್ಲಿಗೆ ತನ್ನ ಹೆಂಡತಿ ಜೈನಬಿ ಜಮಖಾನ ನೇಯುವ ಕೆಂಪು ನೂಲು ಕಟ್ಟಿದ. ಕೆಟ್ಟ ಕಂಡೆನ್ಸರಿನ ಜಾಗಕ್ಕೆ ಒಬ್ಬ ಲಾರಿ ಡ್ರೈವರನ ಹಳೆಯ ರೇಡಿಯೋದಿಂದ ಕಿತ್ತದ್ದನ್ನು ಹಾಕಿದ. ಸ್ಪೀಕರಿನ ಕಡಿದ ತಂತಿ ಕೂಡಿಸಿದ. ಚಹಾ ಆರುವುದರೊಳಗೆ ರೇಡಿಯೋ ಹತ್ತಿಯ ಧಾರಣೆ ಹೇಳತೊಡಗಿತು. ಹಳೆಯ ಸಾಮಾನನ್ನು ತಂಬಾಕಿನ ಡಬ್ಬಿಯಲ್ಲಿ ಹಾಕಿ, “ಸರಕಾರದ ಆಸ್ತಿ, ಇಟ್ಕೋಪಾ” ಎಂದು ಭರಮಪ್ಪನ ಕೈಗೆ ಕೊಟ್ಟ. ಅಂದಿನಿಂದ ಎರಡು ವರ್ಷ ಆ ಪೆಟ್ಟಿಗೆ ಒಂದು ದಿನವೂ ಕೆಮ್ಮಲಿಲ್ಲ.

ಈಗ ಆ ದಿನಕ್ಕೆ ಬರೋಣ. ಎಂಬತ್ತಮೂರರ ಕಾರ್ತಿಕ, ಗೌರಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಒಂಬತ್ತು ಗಂಟೆಯ ಬಸ್ಸಿನ ಕಂಡಕ್ಟರ್ ಒಂದು ಕಂದು ಲಕೋಟೆ ಎಸೆದು ಹೋದ. ‘ಇಂದು ಮಧ್ಯಾಹ್ನ ಮೂರು ಗಂಟೆಗೆ ಅಧಿಕಾರಿಗಳು ಮುದ್ರೆ ತಪಾಸಣೆಗೆ ಬರುತ್ತಾರೆ.’ ಓದಿದ ಭರಮಪ್ಪ, “ಇವತ್ತ ಬರಬೇಕೇನ ಇಂವ!” ಎಂದು ಹಣೆ ಬಡಿದುಕೊಂಡ.

ಯಾಕೆಂದರೆ ಅದೇ ದಿನ ಸಂಜೆ ಏಳಕ್ಕೆ ಧಾರವಾಡ ಆಕಾಶವಾಣಿಯಿಂದ ಅವನ ಹೆಂಡತಿ ಫಕೀರವ್ವ ಮತ್ತು ಅವಳ ಮೂವರು ಗೆಳತಿಯರ ಬೀಸುವ ಪದ ಬರುವುದಿತ್ತು. ಹೋದ ತಿಂಗಳು ಅವರು ಧಾರವಾಡಕ್ಕೆ ಹೋಗಿ ಗಾಜಿನ ಕೋಣೆಯಲ್ಲಿ ಕೂತು ಹಾಡಿ ಬಂದಿದ್ದರು. ಆಮೇಲೆ ಫಕೀರವ್ವ ಬಾವಿಯಲ್ಲಿ ನೀರು ಸೇದುವ ಠೀವಿಯೇ ಬೇರೆಯಾಗಿತ್ತು. ತವರೂರು ಜಾಲಿಕೊಪ್ಪದ ಅಣ್ಣಂದಿರಿಗೂ ಹೇಳಿಕಳಿಸಿದ್ದಳು, ಅವರು ಚಕ್ಕಡಿ ಕಟ್ಟಿಕೊಂಡು ಬರುವವರಿದ್ದರು. ಮುಂಜಾನೆ ರೊಟ್ಟಿ ಬಡಿಯುತ್ತ ಗಂಡನಿಗೆ ತಾಕೀತು ಮಾಡಿದ್ದಳು.

“ಇಪ್ಪತ್ತ ವರ್ಷ ಆತು, ನಾ ಬೀಸಾಕ ಕುಂತ್ರ ‘ಒದರಬ್ಯಾಡ ಬೇ, ನಿದ್ದಿ ಕೆಡತೈತಿ’ ಅಂತೀರಿ. ಇವತ್ತ ಏಳಕ್ಕ ಪಂಚಾಯ್ತಿ ಮುಂದ ಸುಮ್ಮಕ ಕುಂತು ಕೇಳ್ರಿ. ಇವತ್ತೇನರ ಆ ಪೆಟಿಗಿ ಬಾಯಿ ಮುಚ್ಚಿತಂದ್ರ ನಾ ಅಣ್ಣಗೋಳ ಚಕ್ಕಡಿ ಹತ್ತಿ ಹೋಗಾಕೀನ. ಸುಗ್ಗಿ ಮುಗಿಯೂತನಕಾ ಈ ಕಡೆ ಹಾಯೂದಿಲ್ಲ.”

ಅವಳು ಆಡಿದ ಮಾತು ತಪ್ಪುವ ಹೆಂಗಸಲ್ಲ. ಸುಗ್ಗಿ ಎಂದರೆ ಮೂರು ತಿಂಗಳು. ಭರಮಪ್ಪ ಹಿಂದೊಮ್ಮೆ ತಾನೇ ಬಡಿದಿದ್ದ ರೊಟ್ಟಿಯನ್ನು ಮನೆಯ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತ್ತು. ಊರಲ್ಲಿ ಬೇರೆ ರೇಡಿಯೋ ಇರಲಿಲ್ಲವೇ ಎಂದರೆ, ಇನ್ನೆರಡು ಇದ್ದವು. ಗೌಡರದು ಗೌಡರ ಜತೆ ಹುಬ್ಬಳ್ಳಿಗೆ ಹೋಗಿತ್ತು. ಸಾಲಿ ಮಾಸ್ತರರದು ಯುಗಾದಿಗೆ ಕೆಟ್ಟಿತ್ತು. ಅವರು ಓದಿದವರಲ್ಲವೇ, ಅಕ್ಬರಸಾಬನ ಕೈಗೆ ಕೊಡದೆ ಕಂಪನಿಗೇ ಕಳಿಸಿದ್ದರು. ಅದು ಇನ್ನೂ ಕಂಪನಿಯಲ್ಲೇ ಇತ್ತು.

ಭರಮಪ್ಪ ಲಕೋಟೆ ಹಿಡಿದು ಚೇರ್ಮನ್ನರ ಮನೆಗೆ ಓಡಿದ. ಮುದಕಪ್ಪ ಓದಿ, ಕಾಗದವನ್ನು ಕೆಂಡ ಹಿಡಿದವನಂತೆ ವಾಪಸು ಕೊಟ್ಟ.

“ಇದರಾಗ ನಂದೇನೂ ಇಲ್ಲಪಾ. ಸಹಿ ಮಾಡಿದಾಂವ ನೀ.”

“ಪೆನ್ನ ಕೊಟ್ಟಾವ್ರ ನೀವಲ್ರಿ, ಚೇರ್ಮನ್ನರ?”

“ಪೆನ್ನ ಪಂಚಾಯ್ತೀದು. ಈಗ ಅದನ್ನೆಲ್ಲಾ ತಗೊಂಡ ಏನ ಮಾಡ್ತಿ? ಮುದ್ರಿ ಹಚ್ಚೂದ ನೋಡು.”

“ಹಂಗಾರ ಒಂದ ಮುದ್ರಿ ಹಚ್ಚಿಬಿಡೂಣ್ರಿ. ಒಳಗ ಹಾಡಿದ್ರ ಹಾಡ್ಲಿ.”

“ನಿನ್ನ ತಲಿ! ಕೆಟ್ಟೈತಿ ಕೆಟ್ಟೈತಿ ಅಂತ ಹನ್ನೊಂದ ಪತ್ರ ಬರದೇವಿ. ಮುದ್ರಿ ಒಡೀಲಾರದ ಅದು ಹಾಡಿದ್ರ, ಯಾವ ದೇವರು ಬಂದು ರಿಪೇರಿ ಮಾಡ್ದಾ ಅಂತ ಕೇಳೂದಿಲ್ಲೇನು ಅಂವ? ಬೆನ್ನ ಬಿಚ್ಚಿದ್ರ ಒಳಗ ಜೈನಬಿ ನೂಲು ಕೆಂಪಗ ಕುಂತಿರ್ತೈತಿ. ಆ ಸಾಮಾನು ತಗಸು, ಹಳೇ ಸಾಮಾನು ಹಾಕಸು, ಕೆಡಸು, ಮುದ್ರಿ ಹಚ್ಚು. ಅಂವ ಮೂರಕ್ಕ ಬಂದು ನಾಕಕ್ಕ ಹೋಗ್ತಾನ. ಏಳರೊಳಗ ಮತ್ತ ಎಬ್ಬಸು.”

ಇಷ್ಟು ಸುಲಭದ ಕೆಲಸವನ್ನು ಹೇಳಿ ಮುದಕಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಬುದ್ಧಿ ಹೇಳುವವರಿಗೆ ಆ ಊರಲ್ಲಿ ಎಂದೂ ಬರ ಬಂದದ್ದಿಲ್ಲ.

ಅಕ್ಬರಸಾಬ ಒಂದು ಟಾರ್ಚಿನ ಹೊಟ್ಟೆ ಕೆರೆಯುತ್ತ ಕೂತಿದ್ದ. ಭರಮಪ್ಪ ರೇಡಿಯೋವನ್ನೂ ಹಳೆಯ ಸಾಮಾನಿನ ತಂಬಾಕಿನ ಡಬ್ಬಿಯನ್ನೂ ಅವನ ಮುಂದೆ ಇಟ್ಟ.

“ಕಾಕಾ, ಇದನ್ನ ಕೆಡಸಿ ಕೊಡಬೇಕು.”

“ಏನಂದಿ?”

“ಕೆಡಸಬೇಕು. ಮೂರ ಗಂಟೆದೊಳಗ.”

ಅಕ್ಬರಸಾಬ ಕನ್ನಡಕ ಹಣೆಗೇರಿಸಿದ. “ಭರಮ್ಯಾ, ಹದಿನೆಂಟ ವರ್ಷದಾಗ ನನ್ನ ಕಡೆ ಕೆಟ್ಟದ್ದ ತಂದಾರ, ಒಡದದ್ದ ತಂದಾರ, ಎಮ್ಮಿ ತುಳದದ್ದ ತಂದಾರ. ಛಲೋ ಇದ್ದದ್ದ ತಂದು ಕೆಡಸು ಅಂದಾಂವ ನೀನ ಮೊದಲ್ನ್ಯಾಂವ.”

“ನೌಕರಿ ಪ್ರಶ್ನಿ ಐತಿ ಕಾಕಾ.”

“ಅಂದ್ರ, ಹಾಡೂ ರೇಡಿಯೋ ಇಟ್ಟಾಂವನ ನೌಕರಿ ಹೋಗ್ತೈತಿ. ಸತ್ತದ್ದ ಇಟ್ಟಾಂವನ ನೌಕರಿ ಉಳೀತೈತಿ. ಹೌದಿಲ್ಲೋ?”

“ಹೌದು.”

“ಅಗದಿ ಛಲೋ ಖಾತೆ ಬಿಡು,” ಎಂದು ಅಕ್ಬರಸಾಬ ಸ್ಕ್ರೂಡ್ರೈವರ್ ಎತ್ತಿಕೊಂಡ. ಕೆಂಪು ನೂಲನ್ನು ಬಿಚ್ಚುವಾಗ ಅವನ ಮುಖ ಸಪ್ಪಗಾಗಿತ್ತು. ತಾನೇ ಹಾಕಿದ ಕಂಡೆನ್ಸರ್ ತೆಗೆದು, ತಂಬಾಕಿನ ಡಬ್ಬಿಯಿಂದ ಸರಕಾರದ ಕಂಡೆನ್ಸರ್ ತೆಗೆದು ಕೂಡಿಸಿದ. “ತಗೋ, ಸತ್ತಿತು” ಎಂದು ಖಾತ್ರಿಗಾಗಿ ಗುಂಡಿ ತಿರುವಿದ.

ರೇಡಿಯೋ ಒಮ್ಮೆ ಗೊರಗುಟ್ಟಿ, ಕಡಲೆಗೆ ಬರುವ ಕೀಡೆಯ ವಿಷಯ ಹೇಳತೊಡಗಿತು.

ಇಬ್ಬರೂ ಪೆಟ್ಟಿಗೆಯನ್ನೇ ನೋಡಿದರು. ಅಕ್ಬರಸಾಬ ಕಂಡೆನ್ಸರನ್ನು ತಟ್ಟಿದ, ತಿರುವಿದ, ಬೈದ. ಒಂದೂವರೆ ವರ್ಷ ಸತ್ತು ಬಿದ್ದಿದ್ದ ಸಾಮಾನು ಈಗ ಕೀಡೆ, ಔಷಧ, ಹೊಡೆಯುವ ಪ್ರಮಾಣ ಎಲ್ಲವನ್ನೂ ಸ್ಪಷ್ಟವಾಗಿ ಹೇಳುತ್ತಿತ್ತು.

“ನೋಡಿದೇನಪಾ ಇವರ ಸಾಮಾನು! ಕೆಡಬ್ಯಾಡ ಅಂದಾಗ ಕೆಡ್ತೈತಿ, ಕೆಡು ಅಂದಾಗ ಕೆಡೂದಿಲ್ಲ.”

“ಗಂಟಿ ಹನ್ನೆರಡ ಆತು ಕಾಕಾ! ಏನರ ಮಾಡು!”

ಕೊನೆಗೆ ಅಕ್ಬರಸಾಬ ಅತ್ತಿತ್ತ ನೋಡಿ, ತಾನು ಕೂಡಿಸಿದ್ದ ಸ್ಪೀಕರಿನ ತಂತಿಯನ್ನು ಹಲ್ಲಿನಿಂದ ಕಚ್ಚಿ ಕಡಿದ. ಕೀಡೆಯ ಉಪದೇಶ ನಿಂತಿತು. ಅಕ್ಬರಸಾಬ ತನ್ನ ಸಾಮಾನನ್ನು ತಂಬಾಕಿನ ಡಬ್ಬಿಗೆ ಹಾಕಿ ಜೇಬಿಗಿಳಿಸಿದ. “ಅಂವ ಊರ ದಾಟಿದ ಕೂಡ್ಲೆ ಕರಿ. ಅರ್ಧಾ ತಾಸಿನ ಕೆಲಸ.”

ಇನ್ನು ಅರಗು. ಅರಗು ಎಲ್ಲಿದೆ? ಹಳ್ಳಿಯಲ್ಲಿ ಅರಗು ಇರುವುದು ಕುಡುಗೋಲಿನ ಹಿಡಿಕೆಯೊಳಗೆ, ಅಲಗನ್ನು ಕಚ್ಚಿ ಹಿಡಿದುಕೊಂಡು. ಫಕೀರವ್ವ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು.  ಭರಮಪ್ಪ ಅವಳ ಕುಡುಗೋಲನ್ನು ಒಲೆಯ ಕೆಂಡದ ಮೇಲೆ ಹಿಡಿದು, ಹಿಡಿಕೆ ಕಿತ್ತು, ಅರಗು ಕೆರೆದು ತೆಗೆದ. ತೆಗೆಯುವಾಗ ಹೆಬ್ಬೆರಳು ಸುಟ್ಟುಕೊಂಡ. ಅಲಗು ಒಂದು ಕಡೆ, ಹಿಡಿಕೆ ಒಂದು ಕಡೆ ಬಾಗಿಲ ಮೂಲೆಯಲ್ಲಿ ಬಿದ್ದವು.

ಅರಗು ಹಿಡಿದು ಪಂಚಾಯತಿಗೆ ಬರುವಷ್ಟರಲ್ಲಿ ಅಲ್ಲಿ ಅರ್ಧ ಊರು ನೆರೆದಿತ್ತು. ಮುಂದಾಳು ಪಕ್ಕದ ಮನೆಯ ಬಸಕ್ಕ. ಯಾರ ಮನೆಯ ಒಲೆ ಹೊಗೆಯಾಡಿದರೂ ಊದಲು ಹೋಗುವ ಹೆಂಗಸು.

“ಅರಗು ಆತು. ಮ್ಯಾಲೆ ಏನ ಒತ್ತಾವ?” ಎಂದಳು.

ಯಾರಿಗೂ ಗೊತ್ತಿರಲಿಲ್ಲ. ಹಳೆಯ ಮುದ್ರೆಯಲ್ಲಿ ಸಿಂಹ ಇತ್ತೆಂದು ಒಬ್ಬ, ಆನೆ ಇತ್ತೆಂದು ಇನ್ನೊಬ್ಬ. ಹೆಣ್ಣುಮಗಳ ಮುಖ ಇತ್ತೆಂದು ಆಣೆ ಮಾಡಲು ಒಬ್ಬ ಮುದುಕ ತಯಾರಾದ. ಮುದಕಪ್ಪ ಬಂದು “ಸಿಂಹ” ಎಂದು ತೀರ್ಮಾನ ಕೊಟ್ಟ. ಬಸಕ್ಕ ಮನೆಗೆ ಓಡಿ, ಉಡಿಯ ತುಂಬ ಸಕ್ಕರೆ ಆರತಿಯ ಅಚ್ಚು ತಂದು ಕಟ್ಟೆಯ ಮೇಲೆ ಸುರುವಿದಳು. ಗೌರಿ ಹುಣ್ಣಿಮೆಗೆಂದು ಅವಳು ಹಿಂದಿನ ದಿನವಷ್ಟೇ ಅವುಗಳಲ್ಲಿ ಸಕ್ಕರೆ ಗೊಂಬೆ ಎರೆದಿದ್ದಳು.

“ಆನಿ ಐತಿ, ನವಲ ಐತಿ, ಗೋಪುರ ಐತಿ, ಗಿಳಿ ಐತಿ. ಸಿಂಹ ಇಲ್ಲ.”

“ಒಂದ ಸಿಂಹ ಇಟ್ಟಿಲ್ಲೇನ ಬೇ ಮನ್ಯಾಗ?”

“ಗೌರಿ ಆರತಿಗೆ ಸಿಂಹ ಯಾರ ಒಯ್ತಾರೋ, ಮೂಳಾ! ಗಿಳಿ ಎಲ್ಲಾಕ್ಕಿಂತ ಸಣ್ಣದೈತಿ, ಒತ್ತು.”

ಒತ್ತಿದ. ಅರಗು ಸಣ್ಣದು, ಗಿಳಿ ದೊಡ್ಡದು. ಕೊಕ್ಕು, ಒಂದು ಕಣ್ಣು, ಅರ್ಧ ರೆಕ್ಕೆ ಬಂದವು. ಮುದಕಪ್ಪ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, “ಇಲ್ಲಿಂದ ನೋಡಿದ್ರ ಸಿಂಹಾನ” ಎಂದ. ಆದರೆ ಅಚ್ಚಿನ ಸಂದಿಯಲ್ಲಿ ನಿನ್ನೆಯ ಸಕ್ಕರೆ ಉಳಿದಿತ್ತು. ಐದು ನಿಮಿಷದಲ್ಲಿ ಗೋಡೆಯಿಂದ ಒಂದು ಸಾಲು ಇರುವೆ ಹೊರಟು ಸರಕಾರದ ಮುದ್ರೆಯ ಮೇಲೆ ಹತ್ತಿತು. ಭರಮಪ್ಪ ಊದಿದ. ಮತ್ತೆ ಬಂದವು. ಮೂರು ಗಂಟೆಯಿಂದ ಬೇವಿನ ಟೊಂಗೆ ಹಿಡಿದು ರೇಡಿಯೋದ ಬೆನ್ನಿಗೆ ಗಾಳಿ ಹಾಕುತ್ತ ನಿಂತ.

ಸಾಹೇಬರು ಮೂರಕ್ಕೆ ಬರಲಿಲ್ಲ. ನಾಲ್ಕಕ್ಕೂ ಇಲ್ಲ. ಹಿಂದಿನ ಊರಲ್ಲಿ ಊಟ ಮಾಡಿ ಮಲಗಿದ್ದರಂತೆ. ಜೀಪು ಬಂದದ್ದು ಐದೂವರೆಗೆ. ಇಳಿದ ಸಾಹೇಬರ ಬಳಿ ಒಂದು ಭೂತಗನ್ನಡಿ ಇತ್ತು, ಅರಗಿನ ಕಡ್ಡಿ ಇತ್ತು, ಹಿತ್ತಾಳೆಯ ಮುದ್ರೆ ಇತ್ತು, ಮೂರು ಕಡತ ಇದ್ದವು. ರೇಡಿಯೋ ಖಾತೆಯ ಅಧಿಕಾರಿಯ ಚೀಲದಲ್ಲಿ ಸ್ಕ್ರೂಡ್ರೈವರ್ ಒಂದು ಮಾತ್ರ ಇರಲಿಲ್ಲ.

ಅವಲಕ್ಕಿ ತಿಂದರು. ಚಹಾ ಕುಡಿದರು. ಭರಮಪ್ಪನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಆಮೇಲೆ ಸಾಹೇಬರು ಪೆಟ್ಟಿಗೆಯನ್ನು ತಿರುಗಿಸಿ, ಭೂತಗನ್ನಡಿ ಹಿಡಿದು ಬಗ್ಗಿದರು.

“ಇರುವಿ ಯಾಕೋ ಇಲ್ಲೆ?”

“ಹಳ್ಳಿ ಊರರೀ ಸಾಹೇಬ್ರ, ಎಲ್ಲಾ ಕಡೆ ಇರ್ತಾವ್ರಿ.”

“ಹೂಂ. ಮುದ್ರಿಗೇನೂ ಧಕ್ಕಿ ಇಲ್ಲ. ಇದು ಬಂದ್ ಬಿದ್ದು ಎಷ್ಟ ದಿನ ಆತು?”

“ಭಾಳ ವರ್ಷ ಆತ್ರಿ,” ಎಂದು ಬಸಕ್ಕ, ಭರಮಪ್ಪ ಬಾಯಿ ತೆರೆಯುವ ಮೊದಲೇ ಮುಂದೆ ಬಂದಳು. “ಒಂದ ದಿನಾ ಪಿಟಕ್ ಅಂದಿಲ್ರೀ ಯಪ್ಪಾ. ಮುಂಜಾನೆ ಹವಾಮಾನ ಹೇಳೂದೂ ಇಲ್ಲ, ಹನ್ನೆರಡೂವರಿಗೆ ಹತ್ತಿ ಧಾರಣಿ ಹೇಳೂದೂ ಇಲ್ಲ. ನಿನ್ನೆ ಜಯಧರ ಹತ್ತಿ ಧಾರಣಿ ಇಳೀತು ಅಂತ ಹೇಳೂದೂ ಇಲ್ಲ…”

ಮುದಕಪ್ಪ ಜೋರಾಗಿ ಕೆಮ್ಮಿದ. ಸಾಹೇಬರಿಗೆ ಅದೇನೂ ಕೇಳಿಸಲಿಲ್ಲ. ಗುಂಡಿಯನ್ನು ಒಮ್ಮೆ ತಿರುವಿದರು. ಪೆಟ್ಟಿಗೆ ಸುಮ್ಮನಿತ್ತು. ಅವರ ಮುಖ ಅರಳಿತು.

“ಭೇಷ್! ಇಡೀ ತಾಲೂಕಿನಾಗ ಇಂಥಾ ಪ್ರಾಮಾಣಿಕ ಸಿಪಾಯಿನ್ನ ನಾ ನೋಡಿಲ್ಲ,” ಎಂದು ಭರಮಪ್ಪನ ಬೆನ್ನು ತಟ್ಟಿದರು. ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ. ಭರಮಪ್ಪ ಅಕ್ಬರಸಾಬನ ಕಡೆ ನೋಡಿದ. ಅಕ್ಬರಸಾಬ ಜೇಬಿನ ಡಬ್ಬಿ ಮುಟ್ಟಿ ಕಣ್ಣು ಮಿಟುಕಿಸಿದ. ಎಲ್ಲ ಸುಸೂತ್ರವಾಗಿತ್ತು. ಜೀಪು ಹೊರಡುವುದೊಂದೇ ಬಾಕಿ.

ಸಾಹೇಬರು ಕಡತ ಬಿಚ್ಚಿದರು.

“ಇಪ್ಪತ್ತೆರಡ ರೇಡಿಯೋ ಕೊಟ್ಟಿದ್ವಿ. ಇಪ್ಪತ್ತೊಂದ ಊರಾಗ ಮುದ್ರಿ ಒಡದಾರ ನೋಡು, ಹಲಕಟ್ ಮಂದಿ! ಕಂಡ ಕಂಡ ಸಾಮಾನು ತುರಕ್ಯಾರ. ಒಂದರಾಗ ಸೈಕಲ್ ಟ್ಯೂಬಿನ ರಬ್ಬರ್ ಐತಿ, ಇನ್ನೊಂದರಾಗ ಬಳಿಯ ತುಂಡು. ಹಂಗಿದ್ದೂ ಎಲ್ಲಾ ಹಾಡಾಕತ್ತಾವ!”

“ಅವರನ್ನೆಲ್ಲಾ ನೌಕರಿಯಿಂದ ತಗದ್ರೇನ್ರಿ?” ಎಂದು ಭರಮಪ್ಪ ಒಳಗೊಳಗೆ ಹಿಗ್ಗುತ್ತ ಕೇಳಿದ.

“ಎಲ್ಲಿ ತಗೀತಿ? ಇಪ್ಪತ್ತೊಂದ ಸಿಪಾಯಿಗಳನ್ನ ತಗದ್ರ ಕಸಾ ಯಾರ ಹೊಡೀತಾರ? ಮುದ್ರಿ ಒಡದ ಯಂತ್ರ ಗೋದಾಮಿನ್ಯಾವ್ರು ಮುಟ್ಟೂದಿಲ್ಲ, ನಿಯಮ ಇಲ್ಲ. ಅದಕ್ಕ ಅವನ್ನೆಲ್ಲಾ ದಫ್ತರದಿಂದ ಹೊಡದ ಹಾಕಿ ಆಯಾ ಊರಿಗೇ ಬಿಟ್ಟೇವಿ. ಇನ್ನ ಅವು ಅವರವ, ಏನರ ಮಾಡ್ಕೊಳ್ಳಿ. ಮುದ್ರಿ ಇದ್ದದ್ದನ್ನಷ್ಟ ಗೋದಾಮಿಗೆ ವಾಪಸ್ ತರಬೇಕಂತ ಹುಕುಂ ಆಗೇತಿ. ಇಪ್ಪತ್ತೆರಡರಾಗ ಇದೊಂದ ಸಿಕ್ಕತು.” ಸಾಹೇಬರು ಬೆರಳೆತ್ತಿ ಡ್ರೈವರನನ್ನು ಕರೆದರು. “ಎತ್ತೋ ಇದನ್ನ. ಹಗೂರ, ಮುದ್ರಿ ಬಿಚ್ಚೀತು.”

ಭರಮಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬೆಳಿಗ್ಗೆ ಒಂಬತ್ತರವರೆಗೆ ಮುದ್ರೆ ಒಡೆದಿತ್ತು, ರೇಡಿಯೋ ಹಾಡುತ್ತಿತ್ತು. ಹಾಗೇ ಬಿಟ್ಟು ಕಾಲು ಚಾಚಿ ಕೂತಿದ್ದರೆ ಅದು ಊರಿನದೇ ಆಗುತ್ತಿತ್ತು. ಆಗಲೇ ಹೊರಗೆ ಗೆಜ್ಜೆಯ ಸಪ್ಪಳ ಕೇಳಿಸಿತು. ಜಾಲಿಕೊಪ್ಪದ ಚಕ್ಕಡಿ. ಅದರ ಹಿಂದೆ ಇಳಕಲ್ಲ ಸೀರೆ ಉಟ್ಟು, ತಲೆತುಂಬ ಸೇವಂತಿಗೆ ಮುಡಿದ ಫಕೀರವ್ವ ಗೆಳತಿಯರೊಂದಿಗೆ ಬರುತ್ತಿದ್ದಳು. ಅವಳ ಮುಖ ನೋಡಿದ್ದೇ ಭರಮಪ್ಪ ನೌಕರಿಯ ಆಸೆ ಬಿಟ್ಟುಬಿಟ್ಟ. ಜನ್ಮದಲ್ಲಿ ಒಮ್ಮೆ ಧೈರ್ಯ ಮಾಡಿದ.

“ಸಾಹೇಬ್ರ, ಅದು ಸಿಂಹ ಅಲ್ರಿ. ಗಿಳಿರಿ!”

“ಏನಂದಿ?”

“ಮುದ್ರಿ ನಾನ ಹಚ್ಚೇನ್ರಿ, ಇವತ್ತ ಮಧ್ಯಾಹ್ನ. ಕುಡಗೋಲಿನ ಅರಗರಿ. ಸಕ್ರಿ ಆರತಿ ಅಚ್ಚರಿ. ಅದಕ್ಕ ಇರುವಿ ಹತ್ಯಾವ್ರಿ. ರೇಡಿಯೋ ಎರಡ ವರ್ಷದಿಂದ ಹಾಡಾಕತ್ತಿತ್ರಿ!”

ಸಾಹೇಬರು ಮತ್ತೊಮ್ಮೆ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಇರುವೆಯೊಂದು ಗಿಳಿಯ ಕೊಕ್ಕಿನ ಮೇಲೆ ನಿಂತಿತ್ತು.

“ಇಪ್ಪತ್ತಾರ ವರ್ಷ ಆತು ನಾ ಈ ಮುದ್ರಿ ಒತ್ತಾಕತ್ತು. ಸಿಂಹ ಯಾವುದು ಗಿಳಿ ಯಾವುದು ನನಗ ತಿಳಿಯೂದಿಲ್ಲೇನು? ಇದು ನಾ ಕೈಯಾರ ಒತ್ತಿದ ಸಿಂಹ.” ಆಮೇಲೆ ಮೆತ್ತಗೆ, “ರೇಡಿಯೋ ಬಿಟ್ಟಕೊಡಾಕ ಮನಸ್ಸಿಲ್ಲ, ಅದಕ್ಕ ಸುಳ್ಳ ಹೇಳಾಕತ್ತೀ. ಪಾಪ” ಎಂದರು.

ಅಕ್ಬರಸಾಬ ಡಬ್ಬಿ ಬಿಚ್ಚಿ ಮುಂದೆ ಹಿಡಿದ. “ಅಂವ ಖರೇ ಹೇಳ್ತಾನ್ರಿ. ನೋಡ್ರಿ, ಈ ಕಂಡೆನ್ಸರ್, ಈ ನೂಲು, ಇವ ಒಳಗಿದ್ದವ್ರಿ.”

“ಇವು ಖಾತೆಯ ಸಾಮಾನಲ್ಲ.”

“ಅಲ್ರಿ. ಆದ್ರ ಇವ ಹಾಡ್ತಿದ್ದವು.”

“ಖಾತೆಯ ಸಾಮಾನಲ್ಲಂದಮ್ಯಾಲೆ ಹಾಡಾಕ ಬರೂದಿಲ್ಲ,” ಎಂದು ಸಾಹೇಬರು ಡಬ್ಬಿಯ ಮುಚ್ಚಳ ತಾವೇ ಮುಚ್ಚಿದರು. “ಚೇರ್ಮನ್ನರ, ನೀವು ಹೇಳ್ರಿ. ಇದು ಸಿಂಹೋ ಗಿಳಿಯೋ?”

ಮುದಕಪ್ಪ ಭರಮಪ್ಪನ ಮುಖ ನೋಡಲಿಲ್ಲ. “ನಾ ದಿನಾ ನೋಡ್ತೀನ್ರಿ. ಸಿಂಹಾನ ಐತ್ರಿ, ಮೂರ ತಲಿ ಸುದ್ಧಾ” ಎಂದ. ಥೂ ಇವನ! ಇಂಥವನನ್ನು ಆ ಊರು ಎರಡು ಸಲ ಆರಿಸಿತ್ತು.

ಭರಮಪ್ಪ ಮುನ್ನುಗ್ಗಿ ಆ ಗಿಳಿಯ ಕತ್ತಿಗೇ ಕೈ ಹಾಕಿದ. ಡ್ರೈವರ್ ಗಟ್ಟಿಯಾಳು, ಒಂದು ಕೈಯಲ್ಲಿ ಅವನನ್ನು ತಡೆದು ಇನ್ನೊಂದು ಕೈಯಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಜೀಪಿನಲ್ಲಿಟ್ಟ.

ಫಕೀರವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಮಾತಾಡಿದವನು ಅವಳ ದೊಡ್ಡಣ್ಣ ಅಮೋಘಸಿದ್ದಪ್ಪ.

“ನಮ್ಮೂರ ರೇಡಿಯೋ ಹಾಡಾಕತ್ತೈತಲ್ಲವಾ ತಂಗಿ. ಎಮ್ಮಿ ಮೈ ತಿಕ್ಕಿ ಅದರ ಮುದ್ರಿ ಮೊದಲನ ವರ್ಷಾನ ಒಡದಿತ್ತು. ನೀ ಕರದಿ ಅಂತ ಅದನ್ನ ಬಿಟ್ಟು ಇಲ್ಲಿಗೆ ಬಂದ್ವಿ. ಚಕ್ಕಡಿ ಹತ್ತು. ಎತ್ತ ಓಡಿಸಿದ್ರ ಮುಕ್ಕಾಲ ತಾಸಿನಾಗ ಮುಟ್ಟತೇವಿ.”

ಹೆಣ್ಣುಮಕ್ಕಳು ಚಕ್ಕಡಿಗೆ ಮುಗಿಬಿದ್ದರು. ಬಸಕ್ಕ ಅಚ್ಚಿನ ಉಡಿಯನ್ನು ಹಿಡಿದುಕೊಂಡೇ ಹತ್ತಿದಳು. ಊರಲ್ಲಿದ್ದ ಇನ್ನೂ ಮೂರು ಚಕ್ಕಡಿ ಕಟ್ಟಿದರು. ಮುದಕಪ್ಪ ಸೈಕಲ್ ಏರಿ ಎಲ್ಲರಿಗಿಂತ ಮುಂದೆ ಹೊರಟ, ಅವನ ಊರಿನ ಹೆಣ್ಣುಮಕ್ಕಳು ಹಾಡುತ್ತಾರಲ್ಲ, ಚೇರ್ಮನ್ ಎದುರಿಗೆ ಕೂರಬೇಡವೇ? ಭರಮಪ್ಪ ಕೊನೆಯ ಚಕ್ಕಡಿಯ ಮೇಲೆ ಒಂದು ಕಾಲಿಟ್ಟಿದ್ದ.

“ಏ ಸಿಪಾಯಿ, ಎಲ್ಲಿ ಹೊಂಟಿ?” ಎಂದು ಒಳಗಿನಿಂದ ಸಾಹೇಬರ ದನಿ. “ಮೂರ ಪ್ರತಿ ಪಾವತಿ ಐತಿ. ಉಸ್ತುವಾರಿಯವನ ಸಹಿ ಬೇಕು.”

ಕಾಲು ಕೆಳಗಿಳಿಯಿತು. ಅಷ್ಟರಲ್ಲಿ ಫಕೀರವ್ವನ ಚಕ್ಕಡಿ ಮನೆಯ ಮುಂದೆ ನಿಂತಿತ್ತು. ಅವಳು ಸೀರೆಯ ಗಂಟು ತರಲು ಒಳಗೆ ಹೋಗಿ ಬಂದಳು. ಬರುವಾಗ ಅವಳ ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಕುಡುಗೋಲಿನ ಅಲಗು ಮತ್ತು ಹಿಡಿಕೆ. ಪಂಚಾಯತಿಯ ಮುಂದೆ ಹಾಯುವಾಗ ಎರಡನ್ನೂ ಗಂಡನ ಕಾಲ ಬಳಿ ಎಸೆದಳು.

“ನೌಕರಿ ಉಳೀತಲ್ರಿ, ಸಂತೋಷ ಆತು. ಇನ್ನ ಸುಗ್ಗಿ ನೀವ ಮಾಡ್ರಿ. ಕುಡಗೋಲಿನ ಹಿಡಿಕಿ ಕೂಡಿಸ್ಕೋರಿ.”

ಚಕ್ಕಡಿಗಳ ಧೂಳು ಒಂದು ಕಡೆ ಹೋಯಿತು. ಮೂರು ಸಹಿಯಾದ ಮೇಲೆ ಜೀಪಿನ ಧೂಳು ಇನ್ನೊಂದು ಕಡೆ ಹೋಯಿತು. ಕುಡುಗೋಲಿನ ಅರಗು ಸಿಂಹವಾಗಿ ಜೀಪಿನಲ್ಲಿ ಕೂತು ಹೊರಟಿತ್ತು.

ಪಂಚಾಯತಿಯ ಗಡಿಯಾರ ಏಳು ಹೊಡೆಯಿತು. ತಾಲೂಕಿನ ಇಪ್ಪತ್ತೊಂದು ಊರಿನ ಕಟ್ಟೆಯ ಮೇಲೆ, ಒಡೆದ ಮುದ್ರೆಯ ಇಪ್ಪತ್ತೊಂದು ಪೆಟ್ಟಿಗೆಗಳಲ್ಲಿ ಆಗ ಫಕೀರವ್ವ ಹಾಡುತ್ತಿದ್ದಳು. ಕರಿಮಡ್ಡಿಯ ಕಟ್ಟೆಯ ಮೇಲೆ ಇದ್ದವರು ಇಬ್ಬರೇ. ರೇಡಿಯೋ ಇದ್ದ ಗೋಡೆಯ ಖಾಲಿ ಹಲಗೆಯ ಮೇಲೆ ಇರುವೆಗಳು ಇನ್ನೂ ಹುಡುಕಾಡುತ್ತಿದ್ದವು.

“ಭರಮ್ಯಾ, ನಿನ್ನ ಹೇಣ್ತಿ ಛಲೋ ಹಾಡ್ತಾಳೇನು?” ಎಂದು ಅಕ್ಬರಸಾಬ ಕೇಳಿದ.

“ಗೊತ್ತಿಲ್ಲ ಕಾಕಾ. ಇಪ್ಪತ್ತ ವರ್ಷ ಬಾಯಿ ಮುಚ್ಚಸೂದ ಆತು.”

ಅಕ್ಬರಸಾಬ ತಂಬಾಕಿನ ಡಬ್ಬಿಯಿಂದ ಜೈನಬಿಯ ಕೆಂಪು ನೂಲು ತೆಗೆದ. “ಕುಡಗೋಲು ಕೊಡಿಲ್ಲೆ. ಅರಗು ಇಲ್ಲದಿದ್ರ ಹೋಗ್ಲಿ, ನೂಲು ಸುತ್ತಿ ಬಿಗೀತೇನಿ. ಕಲ್ಲಿನಂಗ ಕುಂದರತೈತಿ.”

ಭರಮಪ್ಪ ಒಂದು ಕೈಯಲ್ಲಿ ಅಲಗು, ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಮುಂದೆ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ.

“ತಡಿ ಕಾಕಾ,” ಎಂದ. “ಮೊದಲ ಆ ರಸ್ತೆ ಕಡೆ ಹೋಗಿ ನೋಡು, ಜೀಪು ಖರೇನ ಹೋತೋ ಇಲ್ಲೋ.”